ನಿಂತ ಗಾಡಿಯನ್ನು ಹಿಡಿದಿರುವುದು ಯಾವುದು?

ಬೇಸಿಗೆಯ ಒಂದು ಸಂಜೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಮಿತ್ರರೊಬ್ಬರ ಮನೆಯ ಜಗಲಿಯ ಮೇಲೆ ನಾವು ಕುಳಿತಿದ್ದೆವು. ತರುಣರೊಬ್ಬರು ಕಾರಿನಲ್ಲಿ ಬಂದು, ಅದನ್ನು ಎದುರು ಮನೆಯ ಮುಂದೆ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಮೂಲೆಯ ಔಷಧಿ ಅಂಗಡಿಯ ಕಡೆಗೆ ಅವಸರದಿಂದ ನಡೆದರು. ರಸ್ತೆಯು ನೋಡುವ ಕಣ್ಣಿಗೆ ಅಂಗೈಯಂತೆ ಸಮತಟ್ಟಾಗಿದ್ದಿತು. ಸುಮಾರು ಇಪ್ಪತ್ತು ಮೀಟರು ಮುಂದೆ ಮೂವರು ಮಕ್ಕಳು ಸೀಮೆಸುಣ್ಣದಿಂದ ಗೆರೆ ಎಳೆದು ಕುಂಟಾಬಿಲ್ಲೆ ಆಡುತ್ತಿದ್ದರು.

ಅರ್ಧ ನಿಮಿಷವೂ ಕಳೆದಿರಲಾರದು. ಕಾರು ನಿಂತಲ್ಲಿ ನಿಂತಿಲ್ಲವೆಂಬ ಅನುಮಾನ ನಮಗೆ ಬಂದಿತು. ಮೊದಲು ಅದು ಕಣ್ಣಿನ ಭ್ರಮೆಯೆಂದೇ ತೋರಿತು. ಮರುಕ್ಷಣದಲ್ಲಿ ಅದು ಭ್ರಮೆಯಲ್ಲವೆಂಬುದು ಸ್ಪಷ್ಟವಾಯಿತು. ಸದ್ದಿಲ್ಲದೆ, ಯಾರೂ ಇಲ್ಲದೆ, ಗಾಡಿಯು ಮಕ್ಕಳ ಕಡೆಗೆ ಉರುಳುತ್ತಿದ್ದಿತು. ಪಕ್ಕದ ಮನೆಯ ವೃದ್ಧರೊಬ್ಬರು ಎದ್ದು ನಿಂತು, ‘ಗಾಲಿಗೆ ಕಲ್ಲು ಕೊಡ್ರೋ!’ ಎಂದು ಕೂಗಿಕೊಂಡರು. ಹತ್ತಿರದಲ್ಲಿ ಮನೆ ಕಟ್ಟುತ್ತಿದ್ದ ಕೆಲಸಗಾರರೊಬ್ಬರು ಒಂದು ಸೈಜುಗಲ್ಲನ್ನು ಮುಂದಿನ ಗಾಲಿಯ ದಾರಿಗೆ ಉರುಳಿಸಿ ಹಿಂದೆ ಸರಿದರು. ಗಾಡಿಯು ಕಲ್ಲಿಗೆ ತಾಗಿ, ಒಮ್ಮೆ ಕುಲುಕಿ, ನಿಂತಿತು. ಮಕ್ಕಳಿಗೂ ಅದಕ್ಕೂ ನಡುವೆ ಏಳೆಂಟು ಮೀಟರು ಅಂತರ ಉಳಿದಿದ್ದಿತು.

ತರುಣರು ಓಡಿಬಂದರು. ಮುಖ ಬಿಳಿಚಿಕೊಂಡಿದ್ದಿತು. ‘ಹ್ಯಾಂಡ್‌ಬ್ರೇಕ್ ಎಳೆದಿದ್ದೆ ಅಜ್ಜಾ, ಆಣೆಗೂ ಎಳೆದಿದ್ದೆ’ ಎಂದರು.

‘ಎಳೆದಿರ್ತೀಯಪ್ಪಾ ತಮ್ಮಾ. ಹಿಡಿದೈತೋ ಇಲ್ಲೋ ನೋಡಿದ್ಯಾ?’ ಎಂದರು ವೃದ್ಧರು.

ಕಾರಿನೊಳಗೆ ಇಣುಕಿ ನೋಡಿದೆವು. ಹ್ಯಾಂಡ್‌ಬ್ರೇಕಿನ ಸನ್ನೆಯು ಎರಡೇ ಹಲ್ಲು ಮೇಲೆದ್ದಿದ್ದಿತು. ಗೇರು ನ್ಯೂಟ್ರಲ್ ಸ್ಥಾನದಲ್ಲಿದ್ದಿತು. ತರುಣರು ಸುಳ್ಳು ಹೇಳಿರಲಿಲ್ಲ. ಬ್ರೇಕನ್ನು ಎಳೆದದ್ದು ನಿಜ. ಆದರೆ ಅದು ಗಾಡಿಯನ್ನು ಹಿಡಿದಿರಲಿಲ್ಲ. ಎಳೆಯುವುದಕ್ಕೂ ಹಿಡಿಯುವುದಕ್ಕೂ ಇರುವ ಈ ಅಂತರವನ್ನೇ ಈ ಲೇಖನದಲ್ಲಿ ವಿಚಾರಿಸೋಣ.

ಕಣ್ಣಿಗೆ ಕಾಣದ ಇಳಿಜಾರು

ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯು ಬಯಲುಸೀಮೆಯ ನಗರ. ಮಲೆನಾಡಿನ ಊರುಗಳಂತೆ ಇಲ್ಲಿ ಏರಿಳಿತಗಳಿಲ್ಲ. ಆದುದರಿಂದ ‘ನಮ್ಮ ರಸ್ತೆಗಳಲ್ಲಿ ಗಾಡಿ ಎಲ್ಲಿಗೆ ತಾನೆ ಉರುಳೀತು?’ ಎಂಬ ನಂಬಿಕೆ ಸಹಜವಾಗಿಯೇ ಬೆಳೆದಿದೆ. ಆದರೆ ಪೂರ್ತಿ ಸಮತಟ್ಟಾದ ರಸ್ತೆಯನ್ನು ಯಾವ ಎಂಜಿನಿಯರೂ ಕಟ್ಟುವುದಿಲ್ಲ. ಮಳೆಯ ನೀರು ನಿಲ್ಲದೆ ಹರಿದು ಹೋಗಬೇಕಾದರೆ ಎಲ್ಲ ರಸ್ತೆಗೂ ಅಲ್ಪಸ್ವಲ್ಪ ಓಟ ಇರಲೇಬೇಕು. ಐವತ್ತು ಮೀಟರು ದೂರಕ್ಕೆ ಒಂದು ಮೀಟರು ಇಳಿಯುವ ರಸ್ತೆಯನ್ನು ನಾವು ಸಮತಟ್ಟೆಂದೇ ತಿಳಿಯುತ್ತೇವೆ. ಇದನ್ನು ನೂರಕ್ಕೆ 2ರ ಇಳಿಜಾರು ಎನ್ನುವರು. ಕಣ್ಣನ್ನು ಮೋಸಗೊಳಿಸಲು ಅಷ್ಟು ಸಾಕು. ಗುರುತ್ವಾಕರ್ಷಣೆಯನ್ನು ಮೋಸಗೊಳಿಸಲು ಸಾಲದು.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಕಾರಿನ ತೂಕ 1000 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ನೂರಕ್ಕೆ 2ರ ಇಳಿಜಾರಿನಲ್ಲಿ ಅದನ್ನು ಕೆಳಕ್ಕೆ ಎಳೆಯುವ ಬಲವು ತೂಕದ ನೂರರಲ್ಲಿ ಎರಡು ಪಾಲು, ಅಂದರೆ 20 ಕಿಲೋಗ್ರಾಂ ತೂಕದಷ್ಟು. ಗಾಳಿ ತುಂಬಿದ ರಬ್ಬರು ಗಾಲಿಗಳು ಉರುಳುವಾಗ ಅವು ಒಡ್ಡುವ ತಡೆಯು ಬಹಳ ಕಡಮೆ. ಒಳ್ಳೆಯ ಡಾಂಬರು ರಸ್ತೆಯಲ್ಲಿ ತೂಕದ ನೂರರಲ್ಲಿ ಒಂದು ಪಾಲು, ಅಥವಾ ಅದಕ್ಕಿಂತ ತುಸು ಹೆಚ್ಚು. ಈ ತಡೆಯನ್ನು 12 ಕಿಲೋಗ್ರಾಂ ಎಂದು ಹಿಡಿದರೂ 8 ಕಿಲೋಗ್ರಾಂ ತೂಕದಷ್ಟು ಬಲ ಉಳಿಯಿತು. ಸಾವಿರ ಕಿಲೋಗ್ರಾಮಿನ ಕಾರನ್ನು ಚಲಿಸುವಂತೆ ಮಾಡಲು ಆ ಉಳಿದ ಬಲವೇ ಸಾಕು.

ಹೀಗೆ ಹೊರಟ ಕಾರಿನ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ 0.08 ಮೀಟರಿನಷ್ಟಾಗುವುದು. ಮೊದಲನೆಯ ಸೆಕೆಂಡಿನಲ್ಲಿ ಅದು ಚಲಿಸುವುದು ಸುಮಾರು 4 ಸೆಂಟಿಮೀಟರು ಮಾತ್ರ. ಯಾರ ಗಮನಕ್ಕೂ ಬಾರದು. ಐದು ಸೆಕೆಂಡುಗಳಲ್ಲಿ ಒಂದು ಮೀಟರು. ಹತ್ತು ಸೆಕೆಂಡುಗಳಲ್ಲಿ ನಾಲ್ಕು ಮೀಟರು. ಚಾಲಕನು ಬಾಗಿಲು ಹಾಕಿ ಹತ್ತು ಹೆಜ್ಜೆ ನಡೆದು ಹೋಗಲು ಇಷ್ಟು ಸಮಯ ಬೇಕಷ್ಟೆ. ಇಪ್ಪತ್ತೆರಡು ಇಪ್ಪತ್ತಮೂರು ಸೆಕೆಂಡುಗಳಾಗುವ ವೇಳೆಗೆ ಕಾರು ಇಪ್ಪತ್ತು ಮೀಟರು ದಾಟಿ, ಗಂಟೆಗೆ ಆರು ಕಿಲೋಮೀಟರಿಗೂ ಹೆಚ್ಚಿನ ವೇಗವನ್ನು ಪಡೆದಿರುವುದು.

ಆರು ಕಿಲೋಮೀಟರು ವೇಗವೆಂದರೆ ಬಿರುಸಾಗಿ ನಡೆಯುವ ಮನುಷ್ಯನ ವೇಗ. ‘ಇಷ್ಟರಿಂದ ಏನಾದೀತು?’ ಎಂದು ಕೇಳಬಹುದು. ವೇಗದ ಜೊತೆಗೆ ತೂಕವನ್ನೂ ನೋಡಬೇಕು. ಆ ಕ್ಷಣದಲ್ಲಿ ಕಾರಿನ ಚಲನಶಕ್ತಿ ಸುಮಾರು 1570 ಜೂಲ್. ಐವತ್ತು ಕಿಲೋಗ್ರಾಮಿನ ಅಕ್ಕಿಯ ಮೂಟೆಯನ್ನು ಮೂರು ಮೀಟರಿಗಿಂತ ಹೆಚ್ಚು ಎತ್ತರದಿಂದ, ಎಂದರೆ ಮನೆಯ ತಾರಸಿಯಿಂದ, ಕೆಳಕ್ಕೆ ಕೆಡವಿದಂತೆ. ಅದರ ಕೆಳಗೆ ಮಗುವೊಂದು ಕುಂಟಾಬಿಲ್ಲೆ ಆಡುತ್ತಿದ್ದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ಉರುಳುವುದು ಸುಲಭ, ಜಾರುವುದು ಕಷ್ಟ

ಗಾಲಿಯು ಮನುಷ್ಯನ ಬಹು ದೊಡ್ಡ ಉಪಜ್ಞೆಗಳಲ್ಲಿ ಒಂದು. ಅದರ ಗುಣವೆಲ್ಲ ಅಡಗಿರುವುದು ಉರುಳುವ ಸುಲಭದಲ್ಲಿ. ಮೇಲೆ ಹೇಳಿದ ಕಾರನ್ನು ಉರುಳಿಸಲು 12 ಕಿಲೋಗ್ರಾಂ ತೂಕದ ಬಲ ಸಾಕಾದರೆ, ನಾಲ್ಕು ಗಾಲಿಗಳನ್ನೂ ಅಲುಗದಂತೆ ಬಿಗಿದು ಒಣ ಡಾಂಬರಿನ ಮೇಲೆ ಅದೇ ಕಾರನ್ನು ಜಾರಿಸಲು ಏಳುನೂರು ಕಿಲೋಗ್ರಾಮಿನಷ್ಟು ಬಲ ಬೇಕಾಗಬಹುದು. ಎರಡರ ನಡುವಣ ಅಂತರ ಸುಮಾರು ಅರವತ್ತು ಪಟ್ಟು.

ಹ್ಯಾಂಡ್‌ಬ್ರೇಕು ಮಾಡುವ ಕೆಲಸ ಇದರಿಂದ ತಿಳಿಯುತ್ತದೆ. ಅದು ಗಾಡಿಯನ್ನು ನೆಲಕ್ಕೆ ಕಟ್ಟುವುದಿಲ್ಲ. ಉರುಳಬಲ್ಲ ವಸ್ತುವನ್ನು ಉರುಳಲಾರದ ವಸ್ತುವನ್ನಾಗಿ ಮಾರ್ಪಡಿಸುತ್ತದೆ, ಅಷ್ಟೆ. ಉಳಿದ ಕೆಲಸವನ್ನು ರಬ್ಬರಿಗೂ ರಸ್ತೆಗೂ ಇರುವ ಘರ್ಷಣೆಯೇ ನೋಡಿಕೊಳ್ಳುತ್ತದೆ. ಎತ್ತಿನ ಬಂಡಿಯವರು ಗಾಲಿಗೆ ಕಲ್ಲು ಕೊಡುತ್ತಿದ್ದುದರ ತತ್ತ್ವವೂ ಇದೇ. ಆ ಸಂಜೆ ಕೂಗಿದ ವೃದ್ಧರು ತಮ್ಮ ಪ್ರಾಯದಲ್ಲಿ ಹಳ್ಳಿಯಿಂದ ಪೇಟೆಗೆ ಹತ್ತಿಯ ಹೇರು ಹೊಡೆಯುತ್ತಿದ್ದವರೆಂದು ಆಮೇಲೆ ತಿಳಿಯಿತು. ಬಂಡಿಯನ್ನು ನಿಲ್ಲಿಸಿದೊಡನೆ ಗಾಲಿಗೆ ಕಲ್ಲು ಕೊಟ್ಟು, ಒಮ್ಮೆ ಕೈಯಿಂದ ದೂಡಿ ನೋಡಿ, ಅನಂತರವೇ ಎತ್ತುಗಳ ಕೊರಳು ಬಿಚ್ಚುವುದು ಅವರ ವಾಡಿಕೆಯಾಗಿದ್ದಿತಂತೆ. ದೂಡಿ ನೋಡುವ ಆ ಒಂದು ಕ್ರಿಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪ ಬರುವುದು.

ಹ್ಯಾಂಡ್‌ಬ್ರೇಕಿನ ಒಳಗು

ಕಾರಿನಲ್ಲಿ ಎರಡು ಬಗೆಯ ಬ್ರೇಕುಗಳುಂಟು. ಓಡುವ ಗಾಡಿಯನ್ನು ನಿಲ್ಲಿಸುವುದು ಕಾಲುಬ್ರೇಕು. ಇದು ನಾಲ್ಕು ಗಾಲಿಗಳ ಮೇಲೂ ಕೆಲಸ ಮಾಡುವುದು. ಕಾಲಿನ ಒತ್ತಡವನ್ನು ಕೊಳವೆಗಳಲ್ಲಿರುವ ದ್ರವವು ಗಾಲಿಗಳಿಗೆ ಒಯ್ಯುವುದು. ಕಾಲನ್ನು ತೆಗೆದೊಡನೆ ಒತ್ತಡವೂ ಹೋಯಿತು. ಆದುದರಿಂದ ಚಾಲಕನಿಲ್ಲದ ಗಾಡಿಯನ್ನು ಅದು ಕಾಯಲಾರದು. ನಿಂತ ಗಾಡಿಯನ್ನು ನಿಂತಂತೆಯೇ ಹಿಡಿದಿಡಲು ಬೇರೊಂದು ಏರ್ಪಾಡು ಬೇಕು. ಅದೇ ಹ್ಯಾಂಡ್‌ಬ್ರೇಕು. ಇದರಲ್ಲಿ ದ್ರವದ ಕೆಲಸವಿಲ್ಲ. ಸನ್ನೆ, ಉಕ್ಕಿನ ಕೇಬಲ್ ಮತ್ತು ಬಹುಮಟ್ಟಿಗೆ ಹಿಂದಿನ ಎರಡು ಗಾಲಿಗಳ ಬ್ರೇಕುಗಳು ಇವಿಷ್ಟೇ ಇದರ ಅಂಗಗಳು.

ಸನ್ನೆಯ ಲೆಕ್ಕವನ್ನು ಪ್ರೌಢಶಾಲೆಯಲ್ಲಿ ಎಲ್ಲರೂ ಕಲಿತಿರುವರು. ಹಿಡಿಯು ತಿರುಗುಬಿಂದುವಿನಿಂದ 30 ಸೆಂಟಿಮೀಟರು ದೂರದಲ್ಲಿಯೂ ಕೇಬಲ್ 5 ಸೆಂಟಿಮೀಟರು ದೂರದಲ್ಲಿಯೂ ಇದೆಯೆಂದುಕೊಳ್ಳೋಣ. ಕೈಯ ಬಲವು ಆರು ಪಟ್ಟಾಗುವುದು. 20 ಕಿಲೋಗ್ರಾಂ ತೂಕದ ಬಲದಿಂದ ಎಳೆದರೆ ಕೇಬಲಿನಲ್ಲಿ 120 ಕಿಲೋಗ್ರಾಂ. ಎರಡು ಗಾಲಿಗಳಿಗೂ ಹಂಚಿದಾಗ 60ರಂತೆ. ಗಾಲಿಯ ಡ್ರಮ್ಮಿನೊಳಗೆ ಇನ್ನೊಂದು ಚಿಕ್ಕ ಸನ್ನೆಯಿದ್ದು, ಅದು ಈ ಬಲವನ್ನು ಮತ್ತೆ ಕೆಲವು ಪಟ್ಟು ಹೆಚ್ಚಿಸಿ ಬ್ರೇಕ್ ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುವುದು.

ಎಳೆಯುವಾಗ ‘ಕಟ ಕಟ’ ಎಂದು ಕೇಳಿಬರುವ ಸದ್ದು ಹಲ್ಲುಪಟ್ಟಿಯದು. ಸನ್ನೆಯ ಜೊತೆಗಿರುವ ಚಿಕ್ಕ ನಾಲಗೆಯು ಒಂದೊಂದೇ ಹಲ್ಲನ್ನು ದಾಟಿ ಕೂರುವುದು. ಮೇಲಕ್ಕೆ ಹೋಗಲು ಅದು ಬಿಡುವುದು, ಕೆಳಕ್ಕೆ ಬರಲು ಬಿಡದು. ಬಾವಿಯ ರಾಟೆಗೆ ಇಂತಹ ನಾಲಗೆಯಿದ್ದರೆ ಕೊಡ ಜಾರಿ ಬೀಳುತ್ತಿರಲಿಲ್ಲ. ಹಿಡಿಯ ತುದಿಯ ಗುಂಡಿಯನ್ನು ಒತ್ತಿದಾಗ ಮಾತ್ರ ನಾಲಗೆಯು ಹಲ್ಲನ್ನು ಬಿಡುವುದು.

ಈ ಏರ್ಪಾಡಿನ ಸಾಮರ್ಥ್ಯಕ್ಕೆ ಅಳತೆಗೋಲೂ ಇದೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚಿತವಾದ ಕಾರುಗಳ ಬ್ರೇಕು ನಿಯಮದಂತೆ, ತುಂಬಿದ ಕಾರನ್ನು ಹ್ಯಾಂಡ್‌ಬ್ರೇಕೊಂದೇ ನೂರಕ್ಕೆ 20ರ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಬೇಕು. ಅದಕ್ಕೆ ಬೇಕಾಗುವ ಕೈಯ ಬಲವು 400 ನ್ಯೂಟನ್ನುಗಳನ್ನು ಮೀರಬಾರದು. ನೂರಕ್ಕೆ 20 ಎಂದರೆ ನಮ್ಮ ಬಡಾವಣೆಯ ರಸ್ತೆಗಿಂತ ಹತ್ತು ಪಟ್ಟು ಕಡಿದು. ಅಂದಮೇಲೆ ಆ ಸಂಜೆಯ ಕಾರು ಉರುಳಿದ್ದು ಏಕೆ? ಎರಡೇ ಹಲ್ಲು ಎಳೆದಾಗ ಕೇಬಲಿನ ಸಡಿಲವು ಕಳೆದಿತ್ತೇ ಹೊರತು ಶೂಗಳು ಡ್ರಮ್ಮನ್ನು ಬಿಗಿಯಾಗಿ ಒತ್ತಿರಲಿಲ್ಲ. ಬಳಸಿದಂತೆಲ್ಲ ಕೇಬಲ್ ಹಿಗ್ಗುವುದು, ಶೂಗಳು ಸವೆಯುವುವು. ಹೋದ ವರ್ಷ ಸಾಕಾಗಿದ್ದಷ್ಟು ಎಳೆತ ಈ ವರ್ಷ ಸಾಲದು. ಕೈಗೆ ರೂಢಿಯಾದ ಅಳತೆ ಹಾಗೆಯೇ ಉಳಿಯುವುದು. ಯಂತ್ರದ ಅಳತೆ ಬದಲಾಗಿರುವುದು.

ಈಚಿನ ಕೆಲವು ಕಾರುಗಳಲ್ಲಿ ಸನ್ನೆಯ ಬದಲು ಒಂದು ಗುಂಡಿ ಮಾತ್ರವಿದ್ದು, ಎಳೆಯುವ ಕೆಲಸವನ್ನು ವಿದ್ಯುತ್ ಮೋಟಾರು ಮಾಡುತ್ತದೆ. ಕೈಯ ಶ್ರಮ ತಪ್ಪಿತು. ಹಿಡಿದಿದೆಯೇ ಎಂದು ನೋಡುವ ಹೊಣೆ ತಪ್ಪಲಿಲ್ಲ.

ಮೂರು ರೈಲುಗಳ ಪಾಠ

ನಿಂತ ಗಾಡಿ ಹೊರಟುಬಿಡುವ ಅಪಾಯವು ಕಾರುಗಳಿಗೆ ಮಾತ್ರ ಮೀಸಲಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳಲು ರಬ್ಬರು ಗಾಲಿಗಿಂತಲೂ ಕಡಮೆ ಬಲ ಸಾಕು. ಆದುದರಿಂದ ಈ ಪಾಠವನ್ನು ರೈಲುಗಳು ಇನ್ನೂ ಸ್ಪಷ್ಟವಾಗಿ ಕಲಿಸುತ್ತವೆ.

2017ರ ನವೆಂಬರಿನಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ನಿನಲ್ಲಿ, ಚೆನ್ನೈಯಿಂದ ಬಂದ ರೈಲಿನಿಂದ ಬಿಡಿಸಿದ ವಿದ್ಯುತ್ ಎಂಜಿನ್ ಒಂದು, ಚಾಲಕರು ಕೆಳಗಿಳಿದಿದ್ದಾಗ ತಾನಾಗಿ ಹೊರಟಿತು. ಸುಮಾರು 13 ಕಿಲೋಮೀಟರು ದೂರ ಅದು ಒಂಟಿಯಾಗಿ ಸಾಗಿತು. ಮುಂದಿನ ನಿಲ್ದಾಣಗಳಿಗೆ ಸುದ್ದಿ ಹೋಗಿ ಹಳಿಯನ್ನು ತೆರವು ಮಾಡಿದರು. ರೈಲ್ವೆ ಸಿಬ್ಬಂದಿಯೊಬ್ಬರು ಮೋಟಾರು ಬೈಕಿನಲ್ಲಿ ಬೆನ್ನಟ್ಟಿ, ಎಂಜಿನ್ನನ್ನು ಹತ್ತಿ, ಅದನ್ನು ನಿಲ್ಲಿಸಿದರು. ಯಾರಿಗೂ ಅಪಾಯವಾಗಲಿಲ್ಲ.

2024ರ ಫೆಬ್ರವರಿ 25ರಂದು ಜಮ್ಮುವಿನ ಕಠುವಾ ನಿಲ್ದಾಣದಲ್ಲಿ ನಿಲ್ಲಿಸಿದ್ದ, ಜಲ್ಲಿಕಲ್ಲು ತುಂಬಿದ ಸರಕು ರೈಲೊಂದು ಇಳಿಜಾರಿನಲ್ಲಿ ಹೊರಟು, ಚಾಲಕರಿಲ್ಲದೆಯೇ 70 ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಪಂಜಾಬನ್ನು ತಲಪಿತು. ಹಳಿಯ ಮೇಲೆ ಮರದ ತುಂಡುಗಳನ್ನು ಇಟ್ಟು ಅದನ್ನು ತಡೆಯಬೇಕಾಯಿತು. ಬಂಡಿಯ ಗಾಲಿಗೆ ಕಲ್ಲು ಕೊಡುವ ಉಪಾಯವೇ ಅಲ್ಲಿಯೂ ಕೈಹಿಡಿಯಿತು. ಅಲ್ಲಿಯೂ ಯಾರೂ ಸಾಯಲಿಲ್ಲ.

ಮೂರನೆಯ ಕಥೆಯು ಹೀಗೆ ಮುಗಿಯುವುದಿಲ್ಲ. 2013ರ ಜುಲೈ 5ರ ರಾತ್ರಿ ಕೆನಡಾದ ಕ್ವಿಬೆಕ್ ಪ್ರಾಂತದ ನಾಂಟ್ ಎಂಬಲ್ಲಿ, ಕಚ್ಚಾ ತೈಲ ತುಂಬಿದ 72 ಟ್ಯಾಂಕುಗಳ ರೈಲನ್ನು ಇಳಿಜಾರಿನಲ್ಲಿ ನಿಲ್ಲಿಸಲಾಯಿತು. ಇಳಿಜಾರು ನೂರಕ್ಕೆ 1.2 ಮಾತ್ರ, ಎಂದರೆ ನಾವು ಲೆಕ್ಕ ಹಾಕಿದ ರಸ್ತೆಗಿಂತಲೂ ಸಪಾಟು. ಚಾಲಕರು 7 ಹ್ಯಾಂಡ್‌ಬ್ರೇಕುಗಳನ್ನು ಬಿಗಿದು, ಅವು ಹಿಡಿದಿವೆಯೇ ಎಂದು ರೈಲನ್ನು ಜಗ್ಗಿ ಪರೀಕ್ಷಿಸಿದರು. ರೈಲು ಕದಲಲಿಲ್ಲ. ಆದರೆ ಆ ಪರೀಕ್ಷೆಯ ಕಾಲದಲ್ಲಿ ಎಂಜಿನ್ನುಗಳ ಗಾಳಿಬ್ರೇಕೂ ಹಿಡಿದಿದ್ದಿತು. ರೈಲನ್ನು ನಿಜವಾಗಿ ತಡೆದಿದ್ದವರು ಯಾರು ಎಂಬುದು ಹಾಗಾಗಿ ತಿಳಿಯಲಿಲ್ಲ. ಅನಂತರ ಎಂಜಿನ್ನಿನಲ್ಲಿ ಬೆಂಕಿ ಕಾಣಿಸಿಕೊಂಡು, ಅದನ್ನು ನಂದಿಸಲು ಬಂದವರು ಎಂಜಿನ್ನನ್ನು ಆರಿಸಿದರು. ಗಾಳಿಯನ್ನು ತುಂಬುವ ಯಂತ್ರ ನಿಂತಿತು. ಗಾಳಿಯು ಮೆಲ್ಲಮೆಲ್ಲನೆ ಸೋರಿಹೋಯಿತು. ಉಳಿದ ಹ್ಯಾಂಡ್‌ಬ್ರೇಕುಗಳಿಗೆ ಆ ಭಾರವನ್ನು ಹಿಡಿಯುವ ಶಕ್ತಿ ಇರಲಿಲ್ಲ. ನಡುರಾತ್ರಿ ಕಳೆದು ರೈಲು ಹೊರಟಿತು. ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಿಂದ ಲಾಕ್ ಮೆಗಾಂಟಿಕ್ ಪಟ್ಟಣದ ನಡುವೆ ಹಳಿ ತಪ್ಪಿ ಉರಿಯಿತು. 47 ಮಂದಿ ಮಡಿದರು.

ತನಿಖೆ ನಡೆಸಿದ ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿಯು, ಆ ರೈಲನ್ನು ಹಿಡಿಯಲು ಕನಿಷ್ಠ 17 ಹ್ಯಾಂಡ್‌ಬ್ರೇಕುಗಳಾದರೂ ಬೇಕಾಗಿದ್ದುವೆಂದು ಗೊತ್ತುಮಾಡಿತು. ಆ ರಾತ್ರಿ ಹಲವು ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡಿದ್ದುವು. ಆದರೆ ನಾವು ಮನೆಗೆ ಕೊಂಡೊಯ್ಯಬೇಕಾದ ಪಾಠ ಒಂದು. ಬ್ರೇಕು ಹಿಡಿದಿದೆಯೇ ಎಂದು ನೋಡಬೇಕು. ಹಾಗೆ ನೋಡುವಾಗ ಬೇರೆ ಯಾವುದೂ ಗಾಡಿಯನ್ನು ಹಿಡಿದಿರಬಾರದು.

ನಿಲ್ಲಿಸುವ ಕ್ರಮ

ಕಾರಿಗೂ ಈ ಪಾಠವನ್ನು ಅನ್ವಯಿಸಬಹುದು. ಕಾಲುಬ್ರೇಕಿನಿಂದ ಗಾಡಿಯನ್ನು ಪೂರ್ತಿ ನಿಲ್ಲಿಸಿ. ಕಾಲನ್ನು ತೆಗೆಯದೆ ಹ್ಯಾಂಡ್‌ಬ್ರೇಕನ್ನು ಬಿಗಿಯಾಗಿ ಎಳೆಯಿರಿ. ಗೇರನ್ನು ನ್ಯೂಟ್ರಲಿಗೆ ತನ್ನಿ. ಈಗ ಕಾಲನ್ನು ಬ್ರೇಕಿನಿಂದ ಮೆಲ್ಲನೆ ಎತ್ತಿ, ಎರಡು ಮೂರು ಸೆಕೆಂಡು ಸುಮ್ಮನೆ ಕುಳಿತು, ಪಕ್ಕದ ಕಂಬವನ್ನೋ ಗೋಡೆಯನ್ನೋ ನೋಡಿ. ಗಾಡಿಯು ಕದಲಿದರೆ ಕಾಲು ಮತ್ತೆ ಬ್ರೇಕಿನ ಮೇಲೆ ಹೋಗಲಿ. ಸನ್ನೆಯು ಇನ್ನೆರಡು ಹಲ್ಲು ಮೇಲೇರಲಿ. ಬಂಡಿಯವರು ಕೈಯಿಂದ ದೂಡಿ ನೋಡುತ್ತಿದ್ದರಲ್ಲ, ಇದು ಅದೇ ಪರೀಕ್ಷೆ. ಗೇರು ಹಾಕಿಟ್ಟು ಈ ಪರೀಕ್ಷೆ ಮಾಡಿದರೆ ಅದು ಗಾಳಿಬ್ರೇಕು ಹಿಡಿದಿರುವಾಗ ರೈಲನ್ನು ಜಗ್ಗಿ ನೋಡಿದಂತೆಯೇ ಆಯಿತು.

ಹ್ಯಾಂಡ್‌ಬ್ರೇಕು ಹಿಡಿದಿದೆಯೆಂದು ಖಚಿತವಾದ ಮೇಲೆ ಎರಡನೆಯ ಕಾವಲನ್ನು ನಿಲ್ಲಿಸಬೇಕು. ಅದೇ ಗೇರು. ಎಂಜಿನ್ನನ್ನು ಆರಿಸಿ, ಗಾಡಿಯ ಮುಖ ಏರಿನ ಕಡೆಗಿದ್ದರೆ ಮೊದಲನೆಯ ಗೇರನ್ನು, ಇಳಿಜಾರಿನ ಕಡೆಗಿದ್ದರೆ ಹಿಮ್ಮುಖ ಗೇರನ್ನು ಹಾಕಿ. ಆಗ ಗಾಲಿಯು ತಿರುಗಬೇಕಾದರೆ ಎಂಜಿನ್ನಿನ ಕೊಂತಗಳೂ ಚಲಿಸಿ, ಸಿಲಿಂಡರಿನೊಳಗಿನ ಗಾಳಿಯನ್ನು ಅದುಮಬೇಕಾಗುವುದು. ಆದರೆ ಗೇರೊಂದನ್ನೇ ನಂಬುವುದು ತಕ್ಕುದಲ್ಲ. ಅದುಮಿದ ಗಾಳಿಯು ಸಂದುಗಳಲ್ಲಿ ಸೋರಿ, ಗಾಡಿಯು ತುಸುತುಸುವಾಗಿ ಜರುಗಬಲ್ಲದು. ಗೇರಿನಲ್ಲಿಟ್ಟ ಗಾಡಿಯನ್ನು ಮತ್ತೆ ಹೊರಡಿಸುವಾಗ ಕ್ಲಚ್ಚನ್ನು ಒತ್ತಿಯೇ ಕೀಲಿ ತಿರುಗಿಸಬೇಕು. ಇಲ್ಲವಾದರೆ ಗಾಡಿಯು ಮುಂದಕ್ಕೋ ಹಿಂದಕ್ಕೋ ನೆಗೆಯುವುದು. ಗೇರು ತಾನಾಗಿ ಬದಲಾಗುವ ಕಾರುಗಳಲ್ಲಿ ‘ಪಿ’ ಸ್ಥಾನದಲ್ಲಿ ಗೇರುಪೆಟ್ಟಿಗೆಯೊಳಗಿನ ಒಂದು ಚಿಕ್ಕ ಕೊಕ್ಕೆಯು ಗಾಡಿಯನ್ನು ತಡೆಯುವುದು. ಇಡೀ ಗಾಡಿಯ ಭಾರ ಆ ಕೊಕ್ಕೆಯ ಮೇಲೆ ಬೀಳದಂತೆ, ಮೊದಲು ಹ್ಯಾಂಡ್‌ಬ್ರೇಕಿನಿಂದ ಗಾಡಿಯನ್ನು ಹಿಡಿಸಿ ಆಮೇಲೆ ‘ಪಿ’ ಸ್ಥಾನಕ್ಕೆ ತರುವುದು ಸರಿಯಾದ ಕ್ರಮ.

ಮೂರನೆಯ ಕಾವಲು ಮುಂದಿನ ಗಾಲಿಗಳು. ನಾವು ರಸ್ತೆಯ ಎಡಬದಿಯಲ್ಲಿ ಗಾಡಿ ನಿಲ್ಲಿಸುವೆವಷ್ಟೆ. ಇಳಿಜಾರಿನ ಕಡೆ ಮುಖವಿದ್ದರೆ ಗಾಲಿಗಳನ್ನು ಎಡಕ್ಕೆ, ಅಂದರೆ ಪಾದಚಾರಿ ಮಾರ್ಗದ ಅಂಚುಗಲ್ಲಿನ ಕಡೆಗೆ ತಿರುಗಿಸಿಡಬೇಕು. ಏರಿನ ಕಡೆ ಮುಖವಿದ್ದರೆ ಬಲಕ್ಕೆ ತಿರುಗಿಸಬೇಕು. ಹಿಂದಕ್ಕೆ ಉರುಳಿದರೆ ಗಾಲಿಯ ಹಿಂಭಾಗ ಅಂಚುಗಲ್ಲಿಗೆ ತಾಗಿ ನಿಲ್ಲುವುದು. ಅಂಚುಗಲ್ಲೇ ಇಲ್ಲದ ಕಡೆ ಎರಡು ಸಂದರ್ಭಗಳಲ್ಲಿಯೂ ಎಡಕ್ಕೆ ತಿರುಗಿಸಿದರೆ, ಹೊರಟ ಗಾಡಿಯು ರಸ್ತೆಯ ನಡುವಿಗೆ ಬಾರದೆ ಬದಿಗೆ ಸರಿಯುವುದು. ಭಾರ ತುಂಬಿದ ಗಾಡಿಗೂ, ಆಗುಂಬೆಯಂತಹ ಘಟ್ಟಗಳಲ್ಲಿ ನಿಲ್ಲಿಸುವ ಗಾಡಿಗೂ, ಇಷ್ಟರ ಮೇಲೆ ಗಾಲಿಗೆ ಕಲ್ಲೋ ಮರದ ತುಂಡೋ ಇದ್ದೇ ಇರಲಿ. ಹೊರಡುವಾಗ ಅದನ್ನು ರಸ್ತೆಯ ನಡುವೆ ಬಿಟ್ಟುಹೋಗದೆ ಬದಿಗೆ ಹಾಕುವುದೂ ಚಾಲಕನ ಕರ್ತವ್ಯವೇ. ಘಟ್ಟವನ್ನು ಇಳಿದು ಬಂದ ಗಾಡಿಯ ಬ್ರೇಕುಗಳು ಕಾದಿರುತ್ತವೆ. ಡಿಸ್ಕು ಬ್ರೇಕುಗಳಾದರೆ ಆರುವಾಗ ಭಾಗಗಳು ಕುಗ್ಗಿ ಹಿಡಿತವು ಸಡಿಲಗೊಳ್ಳಬಹುದು. ಕೆಲವು ನಿಮಿಷಗಳ ಅನಂತರ ಸನ್ನೆಯನ್ನು ಮತ್ತೊಮ್ಮೆ ಎಳೆಯುವುದು ಮೇಲು.

ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಬೈಕಿಗೂ ಇದೇ ನ್ಯಾಯ. ಪಕ್ಕದ ಸ್ಟ್ಯಾಂಡು ಮುಂದಕ್ಕೆ ಬಿಚ್ಚಿ ಹಿಂದಕ್ಕೆ ಮಡಚಿಕೊಳ್ಳುವುದು. ಬೈಕಿನ ಮುಖ ಇಳಿಜಾರಿನ ಕಡೆಗಿದ್ದರೆ ಅದು ಮುಂದಕ್ಕೆ ಜರುಗಿದಾಗ ಸ್ಟ್ಯಾಂಡು ಮಡಚಿ ಬೈಕು ಉರುಳಿಬೀಳುವುದು. ಮುಖವನ್ನು ಏರಿನ ಕಡೆಗಿಟ್ಟು, ಮೊದಲನೆಯ ಗೇರಿನಲ್ಲಿ ನಿಲ್ಲಿಸಿದರೆ ಈ ಭಯವಿಲ್ಲ.

ಉರುಳುವ ಗಾಡಿಗೆ ಎದೆಯೊಡ್ಡಬೇಡಿ

ಗಾಡಿಯು ಹೊರಟುದನ್ನು ಕಂಡಾಗ ಅದರ ಮುಂದೆಯೋ ಹಿಂದೆಯೋ ನಿಂತು ಕೈಯಿಂದ ತಡೆಯಲು ಹೋಗುವುದು ಮನುಷ್ಯ ಸಹಜವಾದ ಆದರೆ ಬಹಳ ಅಪಾಯಕರವಾದ ಪ್ರವೃತ್ತಿ. ನಿಂತ ಕಾರನ್ನು 20 ಕಿಲೋಗ್ರಾಂ ಬಲದಿಂದ ಹಿಡಿಯಬಹುದು, ನಿಜ. ಆದರೆ ಇಪ್ಪತ್ತು ಮೀಟರು ಉರುಳಿದ ಅದೇ ಕಾರನ್ನು ಅರ್ಧ ಮೀಟರಿನೊಳಗೆ ನಿಲ್ಲಿಸಬೇಕಾದರೆ ಮುನ್ನೂರು ಕಿಲೋಗ್ರಾಂ ತೂಕಕ್ಕೂ ಮಿಗಿಲಾದ ಬಲ ಬೇಕು. ಮನುಷ್ಯನ ಎದೆಯು ಅದನ್ನು ತಾಳಲಾರದು. 2016ರ ಜೂನ್ 19ರಂದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಆಂಟನ್ ಯೆಲ್ಚಿನ್ ಎಂಬ 27 ವರ್ಷದ ಚಲನಚಿತ್ರ ನಟರು, ತಮ್ಮ ಮನೆಯ ಇಳಿಜಾರಿನ ದಾರಿಯಲ್ಲಿ ತಮ್ಮದೇ ಕಾರು ಹಿಂದಕ್ಕೆ ಉರುಳಿ, ಅದಕ್ಕೂ ಗೇಟಿನ ಕಂಬಕ್ಕೂ ನಡುವೆ ಸಿಕ್ಕಿ ತೀರಿಕೊಂಡರು. ಇಂತಹ ಹೊತ್ತಿನಲ್ಲಿ ಗಾಡಿಯ ದಾರಿಯಲ್ಲಿರುವವರನ್ನು ಕೂಗಿ ಸರಿಸುವುದೇ ಮೊದಲ ಕೆಲಸ. ಆ ಸಂಜೆ ಕಲ್ಲನ್ನು ದಾರಿಗೆ ಉರುಳಿಸಿದವರೂ ಗಾಡಿಯ ಮುಂದೆ ನಿಲ್ಲದೆ ಕೂಡಲೇ ಪಕ್ಕಕ್ಕೆ ಸರಿದರು.

ನಿಂತ ಗಾಡಿಯಲ್ಲಿ ಮಕ್ಕಳನ್ನು ಒಂಟಿಯಾಗಿ ಬಿಟ್ಟು ಹೋಗಬಾರದೆಂಬುದಕ್ಕೂ ಇದೊಂದು ಕಾರಣ. ಮಗುವಿಗೆ ಹ್ಯಾಂಡ್‌ಬ್ರೇಕಿನ ಗುಂಡಿಯು ಆಟದ ಸಾಮಾನು.

ಎಲ್ಲಿ ನಿಲ್ಲಿಸಬೇಕು, ಹೇಗೆ ಇಳಿಯಬೇಕು

ಗಾಡಿಯು ಕದಲದಂತೆ ನಿಂತರೂ ತಪ್ಪು ಜಾಗದಲ್ಲಿ ನಿಂತರೆ ಅಪಾಯ ತಪ್ಪದು. ರಸ್ತೆಗಳು ಕೂಡುವಲ್ಲಿ, ತಿರುವಿನಲ್ಲಿ, ಪಾದಚಾರಿ ಮಾರ್ಗದ ಮೇಲೆ, ಜನರು ದಾಟುವ ಪಟ್ಟೆಯ ಬಳಿ, ಶಾಲೆ ಆಸ್ಪತ್ರೆಗಳ ಬಾಗಿಲಲ್ಲಿ ನಿಲ್ಲಿಸಬಾರದೆಂಬ ನಿಯಮಗಳ ಹಿಂದೆ ಇರುವುದು ದೃಷ್ಟಿಯ ರೇಖಾಗಣಿತ. ಒಂದು ಮೀಟರು ಎತ್ತರದ ಮಗುವನ್ನು ಕಾರೊಂದು ಪೂರ್ತಿಯಾಗಿ ಮರೆಮಾಡುತ್ತದೆ. ಗಂಟೆಗೆ 30 ಕಿಲೋಮೀಟರು ವೇಗದ ಗಾಡಿಯು ಒಂದು ಸೆಕೆಂಡಿಗೆ 8 ಮೀಟರು ದಾಟುತ್ತದೆ. ಮೂಲೆಯಲ್ಲಿ ನಿಂತ ಕಾರಿನ ಮರೆಯಿಂದ ಮಗುವು ಹೊರಬಂದಾಗ, ಬರುತ್ತಿರುವ ಚಾಲಕನಿಗೆ ಸಿಗುವ ಕಾಲ ಆ ಒಂದು ಸೆಕೆಂಡಿಗಿಂತಲೂ ಕಡಮೆಯಾಗಿರಬಹುದು. ಪಿ.ಜೆ. ಬಡಾವಣೆಯಂತಹ, ಮನೆಗಳೂ ಅಂಗಡಿಗಳೂ ಒತ್ತೊತ್ತಾಗಿರುವ ಕಡೆ ನೂರು ಹೆಜ್ಜೆ ದೂರದಲ್ಲಿ ಗಾಡಿ ನಿಲ್ಲಿಸಿ ನಡೆದು ಬರುವುದು ದೊಡ್ಡ ಶ್ರಮವೇನಲ್ಲ.

ಇಳಿಯುವಾಗಿನ ಒಂದು ಅಭ್ಯಾಸವನ್ನೂ ಹೇಳಬೇಕು. ನಮ್ಮ ಕಾರುಗಳಲ್ಲಿ ಚಾಲಕನ ಬಾಗಿಲು ಬಲಗಡೆ, ಎಂದರೆ ವಾಹನಗಳು ಓಡಾಡುವ ಕಡೆ ತೆರೆಯುವುದು. ಬಲಗೈಯಿಂದ ಬಾಗಿಲು ತೆರೆದರೆ ಮುಖವು ಮುಂದಕ್ಕೇ ಇರುತ್ತದೆ. ಎಡಗೈಯಿಂದ ತೆರೆದು ನೋಡಿ. ಮೈಯು ತಾನಾಗಿ ತಿರುಗಿ ಕಣ್ಣು ಹಿಂದಿನ ರಸ್ತೆಯನ್ನು ನೋಡುವುದು. ಸೈಕಲ್ಲಿನಲ್ಲಿ ಟ್ಯೂಷನ್ನಿಗೆ ಹೊರಟ ಹುಡುಗಿಯೊಬ್ಬಳು ಬಾಗಿಲಿಗೆ ಬಡಿದು ಬೀಳದಂತೆ ಕಾಯುವುದು ಇಷ್ಟು ಸಣ್ಣ ಬದಲಾವಣೆ.

ಮನೆಯಲ್ಲಿ ಒಂದು ಪ್ರಯೋಗ

ಒಂದು ಮೀಟರು ಉದ್ದದ ನಯವಾದ ಹಲಗೆಯನ್ನು ತೆಗೆದುಕೊಳ್ಳಿ. ಗಾಲಿಗಳು ಸಲೀಸಾಗಿ ತಿರುಗುವ ಆಟದ ಕಾರನ್ನು ಅದರ ಮೇಲಿಟ್ಟು, ಹಲಗೆಯ ಒಂದು ತುದಿಯ ಕೆಳಗೆ ಪುಸ್ತಕಗಳನ್ನು ಒಂದೊಂದಾಗಿ ಸೇರಿಸಿ. ಎಷ್ಟು ಸೆಂಟಿಮೀಟರು ಎತ್ತರದಲ್ಲಿ ಅದು ಹೊರಟಿತೆಂದು ಬರೆದಿಡಿ. ಆಮೇಲೆ ಹಿಂದಿನ ಎರಡು ಗಾಲಿಗಳು ಮಾತ್ರ ತಿರುಗದಂತೆ ರಬ್ಬರ್ ಬ್ಯಾಂಡಿನಿಂದ ಬಿಗಿದು ಪ್ರಯೋಗವನ್ನು ಮತ್ತೆ ಮಾಡಿ. ಎರಡು ಎತ್ತರಗಳಿಗೂ ಇರುವ ಅಂತರವೇ ಹ್ಯಾಂಡ್‌ಬ್ರೇಕಿನ ಬೆಲೆ. ಹಲಗೆಗೆ ನೀರು ಸವರಿ ಮೂರನೆಯ ಬಾರಿ ನೋಡಿದರೆ ಮಳೆಗಾಲದ ಪಾಠವೂ ದೊರೆಯಬಹುದು.

ಮನೆಯಲ್ಲಿ ಕಾರಿದ್ದರೆ ಇನ್ನೊಂದು ಪರೀಕ್ಷೆಯನ್ನು ಹಿರಿಯರಿಂದ ಮಾಡಿಸಬಹುದು. ಸನ್ನೆಯನ್ನು ಎಳೆಯುವಾಗ ಹಲ್ಲುಗಳ ಸದ್ದನ್ನು ಎಣಿಸಿ, ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಹೇಳಿರುವ ಸಂಖ್ಯೆಗೆ ಹೋಲಿಸಿ. ಸಂಖ್ಯೆಯು ಮೀರಿದ್ದರೆ ಕೇಬಲನ್ನು ಬಿಗಿ ಮಾಡಿಸುವ ಕಾಲ ಬಂದಿತೆಂದು ತಿಳಿಯಬೇಕು. ಹ್ಯಾಂಡ್‌ಬ್ರೇಕನ್ನು ಬಿಡದೆ ಗಾಡಿ ಓಡಿಸಿದರೆ ಶೂಗಳು ಕಾದು ಸವೆಯುವುವು. ಚಾಲಕನ ಮುಂದಿನ ಫಲಕದಲ್ಲಿ ಉರಿಯುವ ಕೆಂಪು ದೀಪವನ್ನು ಅಲಕ್ಷಿಸಬಾರದು. ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿಯನ್ನು ಎಳೆದ ಹ್ಯಾಂಡ್‌ಬ್ರೇಕಿನಲ್ಲಿಯೇ ಇಟ್ಟರೆ ತುಕ್ಕಿನಿಂದ ಶೂಗಳು ಡ್ರಮ್ಮಿಗೆ ಅಂಟಿಕೊಳ್ಳಬಹುದು. ಅಂತಹ ಸಂದರ್ಭದಲ್ಲಿ ಸಮನೆಲದಲ್ಲಿ ಗೇರು ಹಾಕಿ, ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು ನಿಲ್ಲಿಸುವುದು ಒಳ್ಳೆಯದು.

ನಮ್ಮ ದೇಶದ 1988ರ ಮೋಟಾರು ವಾಹನಗಳ ಕಾಯಿದೆಯ 126ನೆಯ ಪ್ರಕರಣವು ಈ ವಿಷಯವನ್ನೇ ಹೇಳುತ್ತದೆ. ಚಾಲಕನ ಪೀಠದಲ್ಲಿ ಪರವಾನಗಿಯುಳ್ಳವರು ಇಲ್ಲದಿದ್ದಾಗ, ಎಂಜಿನ್ನನ್ನು ಆರಿಸಿ, ಬ್ರೇಕು ಹಾಕಿ ಅಥವಾ ಬೇರೆ ಕ್ರಮ ಕೈಗೊಂಡು, ಗಾಡಿಯು ಆಕಸ್ಮಿಕವಾಗಿ ಹೊರಡದಂತೆ ಖಚಿತಪಡಿಸಿಕೊಳ್ಳದೆ ಅದನ್ನು ಸಾರ್ವಜನಿಕ ಸ್ಥಳದಲ್ಲಿ ಬಿಟ್ಟಿರುವಂತಿಲ್ಲ. ಕಾಯಿದೆಯು ಬಯಸುವುದು ಬ್ರೇಕಿನ ಎಳೆತವನ್ನಷ್ಟೇ ಅಲ್ಲ, ಆ ಖಾತರಿಯನ್ನು.

ಇದನ್ನು ಓದುತ್ತಿರುವ ಬಹುಮಂದಿ ವಿದ್ಯಾರ್ಥಿಗಳು ಇನ್ನೂ ಕಾರು ಓಡಿಸುವ ವಯಸ್ಸಿಗೆ ಬಂದಿರಲಾರರು. ಆದರೆ ತಂದೆತಾಯಿಯರ ಪಕ್ಕದಲ್ಲಿ ಕುಳಿತು ಹೋಗುವವರು ಎಲ್ಲರೂ. ಗಾಡಿ ನಿಂತಾಗ ‘ಅಪ್ಪಾ, ಕಾಲು ಎತ್ತಿ ಒಂದು ಸಲ ನೋಡಿ’ ಎಂದು ನೆನಪಿಸುವುದು ಅವರಿಂದ ಆಗುವ ಕೆಲಸ. ನಾವು ಆ ಸಂಜೆಯ ಅನಂತರ ಗಾಡಿಯಿಂದ ಇಳಿಯುವ ಮುನ್ನ ಮೂರು ಸೆಕೆಂಡು ಕಾಯುವುದನ್ನು ಕಲಿತಿದ್ದೇವೆ. ಮತ್ತೊಮ್ಮೆ ಆ ರಸ್ತೆಗೆ ಹೋದಾಗ ಆ ತರುಣರ ಕಾರು ಅದೇ ಜಾಗದಲ್ಲಿ ನಿಂತಿದ್ದಿತು. ಮುಂದಿನ ಗಾಲಿಗಳು ಎಡಕ್ಕೆ ತಿರುಗಿದ್ದುವು. ಮಕ್ಕಳು ಎಂದಿನಂತೆ ರಸ್ತೆಯ ಮೇಲೆ ಗೆರೆ ಎಳೆಯುತ್ತಿದ್ದರು.